ದೋಣಿ ಹೋಯಿತು, ರೈಲು ಹೋಯಿತು, ಸೈಕಲ್ ಬಂತು

ಬೆಳಗಿನ ಏಳೂವರೆ. ಫ್ರಾನ್ಸಿನ ಬರ್ಗಂಡಿ ಸೀಮೆಯ ಒಂದು ಪುಟ್ಟ ಊರು. ಚರ್ಚಿನ ಗಂಟೆ ಈಗಷ್ಟೇ ಹೊಡೆದು ನಿಂತಿದೆ. ಬೇಕರಿಯ ಬಾಗಿಲು ತೆರೆದಾಗಲೆಲ್ಲ ಬಿಸಿ ಬ್ರೆಡ್ಡಿನ ಘಮ ಬೀದಿಗೆ ಹರಡುತ್ತದೆ. ಮೊಳದುದ್ದದ ಬ್ರೆಡ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ ಅಜ್ಜಿಯೊಬ್ಬರು ಎದುರಾದವರಿಗೆಲ್ಲ ‘ಬೋಂಜೂರ್’ ಹೇಳುತ್ತ ಮನೆಯತ್ತ ನಡೆದಿದ್ದಾರೆ.

ಊರಿನ ಕೊನೆಯಲ್ಲಿ ಹಳೆಯ ರೈಲು ನಿಲ್ದಾಣ. ಗೋಡೆಯ ಮೇಲೆ ಊರಿನ ಹೆಸರು ಇನ್ನೂ ಇದೆ. ಪ್ಲಾಟ್‌ಫಾರಂ ಅಂಚಿನ ಕಲ್ಲುಗಳೂ ಇವೆ. ಹಳಿ ಮಾತ್ರ ಇಲ್ಲ. ಹಳಿ ಇದ್ದ ಜಾಗದಲ್ಲಿ ನುಣುಪಾದ ಡಾಂಬರಿನ ಕಿರುದಾರಿಯೊಂದು ದ್ರಾಕ್ಷಿ ತೋಟಗಳ ಪಕ್ಕದಲ್ಲಿ ಹಾದು ಮರಗಳ ನಡುವೆ ಮರೆಯಾಗುತ್ತದೆ.

ಅಷ್ಟರಲ್ಲಿ ಚೈನಿನ ಸಣ್ಣ ಸದ್ದು. ಮುಂದೆ ಎಂಟೊಂಬತ್ತು ವರ್ಷದ ಹುಡುಗಿ, ಹಿಂದೆ ಅವಳ ಅಪ್ಪ. ಇಬ್ಬರ ಸೈಕಲ್ಲಿಗೂ ಇಬ್ಬದಿಯಲ್ಲಿ ಚೀಲ. ಹುಡುಗಿ ಅತ್ತಿತ್ತ ನೋಡುತ್ತ, ದಾರಿಯುದ್ದಕ್ಕೂ ಹಾವಿನಂತೆ ಸುತ್ತಿಸುತ್ತ ಹೋಗುತ್ತಿದ್ದಾಳೆ. ಅಪ್ಪ ಗದರುತ್ತಿಲ್ಲ. ಗದರುವ ಕಾರಣವೂ ಇಲ್ಲ. ಈ ದಾರಿಗೆ ಕಾರು, ಬೈಕು, ಲಾರಿ ಯಾವುದೂ ಇಳಿಯುವಂತಿಲ್ಲ.

ಫ್ರಾನ್ಸ್ ಮತ್ತು ಸೈಕಲ್ ಎಂದ ಕೂಡಲೇ ನಮಗೆ ನೆನಪಾಗುವುದು ಟೂರ್ ದ ಫ್ರಾನ್ಸ್ ಪಂದ್ಯ. ಬಿಗಿ ಉಡುಪಿನ ಸವಾರರು, ಆಲ್ಪ್ಸ್ ಬೆಟ್ಟದ ಕಡಿದಾದ ಏರು, ಹಳದಿ ಅಂಗಿ. ಅದು ಜುಲೈ ತಿಂಗಳ ಮೂರು ವಾರದ ಸಂಭ್ರಮ. ಉಳಿದ ದಿನಗಳಲ್ಲಿ ಅದೇ ದೇಶದ ಹಳ್ಳಿಗಾಡಿನಲ್ಲಿ ಬೇರೊಂದು ಸೈಕಲ್ ಲೋಕವಿದೆ. ಅಲ್ಲಿ ಯಾರಿಗೂ ಅವಸರವಿಲ್ಲ. ದಿನಕ್ಕೆ ನಲವತ್ತೋ ಐವತ್ತೋ ಕಿಲೋಮೀಟರ್ ತುಳಿದು, ನಡುವೆ ಒಂದು ಕೋಟೆ, ಒಂದು ಹಳೆಯ ಚರ್ಚು, ಒಂದು ಸಂತೆ ನೋಡಿ, ಸಂಜೆಗೆ ಮುಂದಿನ ಊರು ಸೇರುವವರು ಈ ಲೋಕದ ಜನ.

ಅಲ್ಲಿಗೆ ಹೋಗಿ ಬಂದವರೆಲ್ಲ ಮೊದಲು ಹೇಳುವುದು ಅಲ್ಲಿನ ಮೌನದ ಬಗ್ಗೆ. ಆ ಮೌನ ಪ್ರಕೃತಿ ಕೊಟ್ಟ ವರವೇನೂ ಅಲ್ಲ. ಹಿಂದಿನವರು ಬೇರೆ ಯಾವುದೋ ಕೆಲಸಕ್ಕೆಂದು ಕಟ್ಟಿದ ದಾರಿಗಳು ಆ ಕೆಲಸ ಮುಗಿದ ಮೇಲೂ ಉಳಿದುಕೊಂಡದ್ದರ ಫಲ ಅದು. ಉಳಿದದ್ದನ್ನು ಕಾಪಾಡಿಕೊಂಡವರ ಫಲವೂ ಹೌದು.

ಊರಿಗೊಂದು ದಾರಿ, ದಾರಿಗೊಂದು ಕಾನೂನು

ಫ್ರಾನ್ಸಿನಲ್ಲಿರುವ ರಸ್ತೆಗಳ ಒಟ್ಟು ಉದ್ದ ಸುಮಾರು 11 ಲಕ್ಷ ಕಿ.ಮೀ. ಅದರಲ್ಲಿ ಎಕ್ಸ್‌ಪ್ರೆಸ್‌ವೇ ಮಾದರಿಯ ಹೆದ್ದಾರಿ ಸುಮಾರು 12 ಸಾವಿರ ಕಿ.ಮೀ. ಮಾತ್ರ. ಅಂದರೆ ನೂರು ಕಿಲೋಮೀಟರಿಗೆ ಒಂದು. ಜಿಲ್ಲಾಡಳಿತಗಳ ಕೈಯಲ್ಲಿರುವ ರಸ್ತೆ ಸುಮಾರು 3.8 ಲಕ್ಷ ಕಿ.ಮೀ. ಉಳಿದದ್ದರಲ್ಲಿ ಬಹುಪಾಲು, ಏಳು ಲಕ್ಷದಷ್ಟು ಕಿ.ಮೀ., ಆಯಾ ಊರುಗಳದೇ.

ಇಷ್ಟೊಂದು ಊರುದಾರಿ ಹೇಗೆ ಹುಟ್ಟಿಕೊಂಡಿತು? ಹದಿನೆಂಟನೇ ಶತಮಾನದಲ್ಲಿ ಅಲ್ಲಿನ ರೈತರು ರಾಜನ ಹೆದ್ದಾರಿಗಳಿಗಾಗಿ ಬಿಟ್ಟಿ ದುಡಿಯಬೇಕಿತ್ತು. 1738ರಲ್ಲಿ ಅದು ದೇಶದ ಬಹುಭಾಗಕ್ಕೆ ವಿಸ್ತರಿಸಿತು. ಕೂಲಿಯಿಲ್ಲದ ಆ ದುಡಿಮೆಯನ್ನು ರೈತರು ಶಾಪದಂತೆ ಕಂಡರು. 1789ರ ಮಹಾಕ್ರಾಂತಿಯ ಹೊತ್ತಿಗೆ ಜನರ ಸಿಟ್ಟಿಗೆ ಇದೂ ಒಂದು ಕಾರಣವಾಗಿತ್ತು.

ಮುಂದೆ 1836ರಲ್ಲಿ ಬಂದ ಕಾನೂನು ಊರಿಂದೂರಿನ ದಾರಿಗಳತ್ತ ನೋಡಿತು. ಪ್ರತಿ ಊರೂ ತನ್ನ ದಾರಿಗಳನ್ನು ತಾನೇ ನೋಡಿಕೊಳ್ಳಬೇಕು. ಅದಕ್ಕಾಗಿ ಊರವರು ವರ್ಷಕ್ಕೆ ಮೂರು ದಿನಗಳವರೆಗೆ ದುಡಿಯಬೇಕು, ಇಲ್ಲವಾದರೆ ಅದರ ಬದಲು ಹಣ ಕಟ್ಟಬೇಕು ಎಂದು ಅದು ವಿಧಿಸಿತು. ಈ ಬಾರಿ ದಾರಿ ತಮ್ಮದೇ ಊರಿನದು. ಗಾಡಿ ಓಡಾಡಿದರೆ ತಮ್ಮದೇ ಗೋಧಿ ಸಂತೆಗೆ ಹೋಗುತ್ತದೆ. ಹೀಗೆ ಒಂದೊಂದು ಊರೂ ಪಕ್ಕದ ಊರಿಗೆ ಕೈ ಚಾಚಿ, ದೇಶದ ತುಂಬ ಜೇಡರ ಬಲೆಯಂಥ ದಾರಿಜಾಲ ಹೆಣೆದುಕೊಂಡಿತು.

ಆ ಜಾಲವನ್ನು ನೋಡಿಕೊಳ್ಳುವ ಊರಾಡಳಿತಗಳು ಇಂದಿಗೂ ಸುಮಾರು 35 ಸಾವಿರ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಜನಸಂಖ್ಯೆ ಐನೂರಕ್ಕೂ ಕಡಿಮೆ. ಐನೂರು ಜನರ ಊರಿಗೂ ಒಬ್ಬ ಮೇಯರ್, ಒಂದು ಕಚೇರಿ, ಆ ಕಚೇರಿಯ ಮೇಲೊಂದು ಬಾವುಟ. ಊರಾಚೆಯ ದಾರಿಯಲ್ಲಿ ಗುಂಡಿ ಬಿದ್ದರೆ ಯಾರನ್ನು ಕೇಳಬೇಕು ಎಂಬುದು ಊರಿಗೆಲ್ಲ ಗೊತ್ತು.

ಇತ್ತ ದೂರ ಹೋಗುವ ವಾಹನಗಳನ್ನೆಲ್ಲ ಇಪ್ಪತ್ತನೇ ಶತಮಾನದ ಎಕ್ಸ್‌ಪ್ರೆಸ್‌ವೇಗಳು ಎಳೆದುಕೊಂಡವು. ದೇಶದ 6.8 ಕೋಟಿ ಜನರಲ್ಲಿ ಸುಮಾರು 1.2 ಕೋಟಿ ಮಂದಿ ಪ್ಯಾರಿಸ್ ಸುತ್ತಲೇ ನೆಲೆಸಿದ್ದಾರೆ. ದಕ್ಷಿಣದ ಲೊಝೆರ್ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ಹದಿನೈದು ಜನರಷ್ಟೇ ಇದ್ದಾರೆ. ರಸ್ತೆ ಅಷ್ಟೇ ಇದೆ, ಜನ ಕಡಿಮೆಯಾದರು, ಲಾರಿಗಳು ಬೇರೆ ದಾರಿ ಹಿಡಿದವು. ಸೈಕಲ್ ಸವಾರನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಕುದುರೆಗಳು ನಡೆದ ದಂಡೆ

ಊರುದಾರಿಗಳಿಗಿಂತಲೂ ಶಾಂತವಾದವು ಕಾಲುವೆಯ ದಂಡೆಗಳು. ಅವುಗಳಲ್ಲಿ ಹೆಸರುವಾಸಿ ದಕ್ಷಿಣದ ‘ಕನಾಲ್ ದ್ಯು ಮಿದಿ’. ತುಲೂಸ್ ನಗರದಿಂದ ಮೆಡಿಟರೇನಿಯನ್ ತೀರದ ತೋ ಸರೋವರದವರೆಗೆ ಸುಮಾರು 240 ಕಿ.ಮೀ. ಉದ್ದದ ಈ ಕಾಲುವೆಯನ್ನು ಕಟ್ಟಿಸಿದವನು ಪಿಯೆರ್-ಪೋಲ್ ರಿಕೆ. ಅವನು ಓದಿದ ಎಂಜಿನಿಯರ್ ಆಗಿರಲಿಲ್ಲ. ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಗುತ್ತಿಗೆದಾರ.

ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ಎರಡನ್ನೂ ಒಳನಾಡಿನ ನೀರಿನಿಂದ ಬೆಸೆದರೆ ಹಡಗುಗಳು ಸ್ಪೇನನ್ನು ಸುತ್ತುವುದು ತಪ್ಪುತ್ತದೆ ಎಂಬ ಕನಸು ಹಳೆಯದು. ತೊಡಕು ಒಂದೇ: ಎರಡು ಕಡಲಿನ ನಡುವೆ ನೆಲ ಸುಮಾರು 190 ಮೀಟರ್ ಎತ್ತರಕ್ಕೆ ಏರುತ್ತದೆ. ಅಷ್ಟು ಎತ್ತರದ ಕಾಲುವೆಗೆ ನೀರು ತರುವುದೆಲ್ಲಿಂದ? ರಿಕೆ ಪಕ್ಕದ ಕಪ್ಪು ಬೆಟ್ಟಗಳ ತೊರೆಗಳನ್ನು ಹಿಡಿದು, ಸಾಂ-ಫೆರಿಯೋಲ್ ಎಂಬಲ್ಲಿ ಕೆರೆ ಕಟ್ಟಿ, ಅಲ್ಲಿಂದ ಸಣ್ಣ ನಾಲೆಯಲ್ಲಿ ಆ ನೀರನ್ನು ದಿಬ್ಬದ ನೆತ್ತಿಗೆ ತಂದ. ನೆತ್ತಿಯಿಂದ ನೀರು ಎರಡೂ ಕಡೆಗೆ ಇಳಿಯಿತು. 1666ರಲ್ಲಿ ಆರಂಭವಾದ ಕಾಮಗಾರಿಯಲ್ಲಿ ಒಂದು ಹಂತದಲ್ಲಿ ಹನ್ನೆರಡು ಸಾವಿರದಷ್ಟು ಕೂಲಿಗಳು ದುಡಿದರು. ಅವರಲ್ಲಿ ಹೆಂಗಸರೂ ಇದ್ದರು. ಕಾಲುವೆ 1681ರಲ್ಲಿ ತೆರೆಯಿತು. ರಿಕೆ ಅದಕ್ಕೆ ಕೆಲವೇ ತಿಂಗಳ ಮೊದಲು, 1680ರಲ್ಲಿ ತೀರಿಕೊಂಡಿದ್ದ. 1996ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಾಲುವೆಯ ಪಕ್ಕದ ದಾರಿ ಮೂಲತಃ ಕುದುರೆಗಳದು. ದೋಣಿಗೆ ಹಗ್ಗ ಕಟ್ಟಿ ಕುದುರೆ ದಂಡೆಯ ಮೇಲೆ ನಡೆಯುತ್ತಿತ್ತು. ದೋಣಿ ನೀರಿನಲ್ಲಿ ಜಾರಿಕೊಂಡು ಬರುತ್ತಿತ್ತು. ಫ್ರಾನ್ಸಿನ ಹಳೆಯ ಕಾಲುವೆಗಳ ಸೇತುವೆಯ ಕೆಳಗೆ ಸೈಕಲ್ ನಿಲ್ಲಿಸಿ ಕಲ್ಲಿನ ಅಂಚನ್ನು ಮುಟ್ಟಿ ನೋಡಿ. ಬೆರಳು ಹಿಡಿಯುವಷ್ಟು ಆಳದ ಗೀರುಗಳು ಸಿಗುತ್ತವೆ. ನೂರಾರು ವರ್ಷ ಒದ್ದೆ ಹಗ್ಗ ಉಜ್ಜಿ ಉಜ್ಜಿ ಕಲ್ಲು ಸವೆದ ಗುರುತು ಅದು. ನಮ್ಮೂರ ಹಳೆಯ ಬಾವಿಕಟ್ಟೆಯ ಮೇಲೆ ಹಗ್ಗದ ಗುರುತು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನೀರಿನ ಮಟ್ಟ ಬದಲಾಗುವಲ್ಲೆಲ್ಲ ‘ಲಾಕ್’ ಎಂಬ ಏರ್ಪಾಡಿದೆ. ಎರಡು ಜೊತೆ ದೊಡ್ಡ ಬಾಗಿಲುಗಳ ನಡುವೆ ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಡುತ್ತಾರೆ. ತೊಟ್ಟಿ ತುಂಬಿದಂತೆ ದೋಣಿ ಏರುತ್ತದೆ. ಮುಂದಿನ ಬಾಗಿಲು ತೆರೆಯುತ್ತದೆ. ಪಕ್ಕದಲ್ಲಿ ಲಾಕ್ ಕಾಯುವವರ ಪುಟ್ಟ ಮನೆ. ಅದರ ಗೋಡೆಯ ಫಲಕದಲ್ಲಿ ಹಿಂದಿನ ಲಾಕ್ ಎಷ್ಟು ಮೀಟರ್, ಮುಂದಿನದು ಎಷ್ಟು ಮೀಟರ್ ಎಂದು ಬರೆದಿರುತ್ತದೆ. ದೋಣಿಯವರಿಗೆಂದು ಹಾಕಿದ ಲೆಕ್ಕ ಈಗ ಸೈಕಲ್ಲಿನವರಿಗೆ ಒದಗಿದೆ. ನೀರಿನ ಜೊತೆಗೇ ಸಾಗುವುದರಿಂದ ದಾರಿ ಸಮತಟ್ಟು. ಲಾಕ್ ಬಂದಾಗ ಮಾತ್ರ ಸಣ್ಣ ಏರು.

ಈ ಕಾಲುವೆಗೆ ಈಗ ಒಂದು ನೋವು ಅಂಟಿಕೊಂಡಿದೆ. ಇಬ್ಬದಿಯಲ್ಲಿ ಚಪ್ಪರ ಹಾಕಿದಂತೆ ನಿಂತಿದ್ದ ಪ್ಲೇನ್ ಮರಗಳ ಸಂಖ್ಯೆ ಸುಮಾರು 42 ಸಾವಿರ. ಕಾಶ್ಮೀರದ ಚಿನಾರ್ ಮರದ ಬಳಗದವು ಅವು. 2006ರಲ್ಲಿ ಅವಕ್ಕೆ ಶಿಲೀಂಧ್ರ ರೋಗ ತಗಲಿರುವುದು ಗೊತ್ತಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಮರದ ಪೆಟ್ಟಿಗೆಗಳ ಜೊತೆ ಆ ರೋಗ ಯುರೋಪಿಗೆ ಬಂತೆಂದು ತಜ್ಞರು ಹೇಳುತ್ತಾರೆ. ಮದ್ದಿಲ್ಲ. ರೋಗ ಬಂದ ಮರವನ್ನು ಕಡಿದು ಸುಡಲೇಬೇಕು. ಸಾವಿರಾರು ಮರಗಳು ಹೀಗೆ ಹೋಗಿವೆ. ಆ ಜಾಗದಲ್ಲಿ ಬೇರೆ ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ಈಗ ನೆಟ್ಟ ಸಸಿಯ ನೆರಳು ಇಂದಿನ ಮಕ್ಕಳು ದೊಡ್ಡವರಾದ ಮೇಲೆ ಸಿಗುವುದು. ಆದರೂ ನೆಡುತ್ತಿದ್ದಾರೆ.

ಹಳಿ ಕಿತ್ತ ಮೇಲೆ

ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ರೈಲಿನ ಕಾಲ. 1879ರಲ್ಲಿ ಲೋಕೋಪಯೋಗಿ ಮಂತ್ರಿ ಶಾರ್ಲ್ ದ ಫ್ರೆಸಿನೆ ತಂದ ಯೋಜನೆ 181 ಹೊಸ ಮಾರ್ಗಗಳನ್ನು ಪಟ್ಟಿ ಮಾಡಿತು. ಸಣ್ಣ ಪಟ್ಟಣಗಳಿಗೂ ರೈಲು ಮುಟ್ಟಬೇಕು ಎಂಬುದು ಗುರಿ. ಮುಟ್ಟಿತು ಕೂಡ. ದ್ರಾಕ್ಷಾರಸದ ಪೀಪಾಯಿ, ಕಟ್ಟಡದ ಕಲ್ಲು, ಸೇನೆಗೆ ಹೊರಟ ಹುಡುಗರು, ಎಲ್ಲ ಅದೇ ರೈಲಿನಲ್ಲಿ ಊರು ಬಿಟ್ಟವು.

ಆಮೇಲೆ ಬಸ್ಸು ಬಂತು, ಲಾರಿ ಬಂತು, ಮನೆಮನೆಗೆ ಕಾರು ಬಂತು. 1930ರ ದಶಕದಿಂದ ಮುಂದೆ ಒಂದೊಂದಾಗಿ ಸಣ್ಣ ಮಾರ್ಗಗಳು ಮುಚ್ಚಿದವು. ಹಳಿಗಳನ್ನು ಕಿತ್ತರು. ಮುಳ್ಳುಗಿಡ ಬೆಳೆಯಿತು.

ಇಂಥ ಒಂದು ಮಾರ್ಗಕ್ಕೆ ಮರುಜೀವ ಬಂದದ್ದು 1997ರಲ್ಲಿ. ಬರ್ಗಂಡಿಯ ಸೋನ್-ಎ-ಲ್ವಾರ್ ಜಿಲ್ಲೆಯಲ್ಲಿ ಜಿವ್ರಿ ಮತ್ತು ಕ್ಲೂನಿ ನಡುವಿನ 44 ಕಿ.ಮೀ. ಹಳಿಜಾಡನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ, ಗಾಲಿಕುರ್ಚಿಯವರಿಗೆ ಬಿಟ್ಟುಕೊಟ್ಟರು. ಅದು ಫ್ರಾನ್ಸಿನ ಮೊದಲ ‘ವಾ ವೆರ್ತ್’, ಅಂದರೆ ಹಸಿರು ದಾರಿ. ಮರುವರ್ಷ ಸೈಕಲ್ ದಾರಿಗಳಿಗೆ ದೇಶಮಟ್ಟದ ಯೋಜನೆಯೇ ಸಿದ್ಧವಾಯಿತು. 2004ರಲ್ಲಿ ರಸ್ತೆ ಸಂಚಾರ ನಿಯಮಗಳಲ್ಲೇ ಹಸಿರು ದಾರಿ ಎಂದರೇನು ಎಂದು ಬರೆಯಲಾಯಿತು: ಎಂಜಿನ್ ಇರುವ ವಾಹನಕ್ಕೆ ಪ್ರವೇಶವಿಲ್ಲ. ಇಂದು ಆ ಯೋಜನೆಯಡಿ ಸಿದ್ಧವಾಗಿರುವ ಸೈಕಲ್ ದಾರಿಗಳ ಉದ್ದ 20 ಸಾವಿರ ಕಿ.ಮೀ. ದಾಟಿದೆ.

ಹಳಿಜಾಡು ಸೈಕಲ್ಲಿಗೆ ಏಕೆ ಹೇಳಿ ಮಾಡಿಸಿದಂತಿದೆ ಎಂಬುದಕ್ಕೆ ಕಾರಣ ಸರಳ. ಹಬೆಯ ಎಂಜಿನ್‌ಗೆ ಕಡಿದಾದ ಏರು ಆಗುತ್ತಿರಲಿಲ್ಲ. ಆದ್ದರಿಂದ ಗುಡ್ಡ ಬಂದಲ್ಲಿ ಸುರಂಗ ಕೊರೆದರು, ಕಣಿವೆ ಬಂದಲ್ಲಿ ಕಮಾನು ಸೇತುವೆ ಕಟ್ಟಿದರು, ತಿರುವುಗಳನ್ನು ಉದ್ದಕ್ಕೆ ಎಳೆದರು. ಅಂದು ಎಂಜಿನ್‌ಗಾಗಿ ಪಟ್ಟ ಆ ಪಾಡೆಲ್ಲ ಇಂದು ಮೊಣಕಾಲು ನೋವಿನ ಹಿರಿಯರನ್ನು, ಪುಟ್ಟ ಮಕ್ಕಳನ್ನು ಕಾಪಾಡುತ್ತಿದೆ.

ಕ್ಲೂನಿ ದಾಟಿ ಇದೇ ದಾರಿ ದಕ್ಷಿಣಕ್ಕೆ ಹೋದರೆ ಬ್ವಾ ಕ್ಲೇರ್ ಎಂಬ ಸುರಂಗ ಸಿಗುತ್ತದೆ. ಒಂದೂವರೆ ಕಿಲೋಮೀಟರಿಗೂ ಉದ್ದ. ಬೇಸಿಗೆಯ ಬಿಸಿಲಿನಿಂದ ಒಳಗೆ ಹೊಕ್ಕರೆ ತಣ್ಣನೆಯ ಗಾಳಿ ಮೈಗೆ ತಾಕುತ್ತದೆ. ಚಳಿಗಾಲದಲ್ಲಿ ಈ ಸುರಂಗಕ್ಕೆ ಬೀಗ ಬೀಳುತ್ತದೆ. ಒಳಗೆ ಬಾವಲಿಗಳು ನಿದ್ದೆ ಮಾಡುವ ಕಾಲ ಅದು. ಅವುಗಳ ನಿದ್ದೆ ಕೆಡದಿರಲೆಂದು ಸೈಕಲ್ಲಿನವರು ಗುಡ್ಡ ಹತ್ತಿ ಸುತ್ತಿ ಹೋಗುತ್ತಾರೆ.

ಕ್ಲೂನಿ ಕೂಡ ಒಂದು ಕಥೆಯೇ. 910ರಲ್ಲಿ ಇಲ್ಲಿ ಮಠವೊಂದು ಹುಟ್ಟಿತು. ಅದರ ಮೂರನೆಯ ಚರ್ಚು, ರೋಮಿನ ಸೇಂಟ್ ಪೀಟರ್ಸ್ ಈಗಿನ ರೂಪದಲ್ಲಿ ಎದ್ದು ನಿಲ್ಲುವವರೆಗೂ ಕ್ರೈಸ್ತ ಜಗತ್ತಿನಲ್ಲೇ ದೊಡ್ಡದಾಗಿತ್ತು. ಮಹಾಕ್ರಾಂತಿಯ ನಂತರ ಅದನ್ನು ಮಾರಿ, ಕಲ್ಲಿಗಾಗಿ ಕೆಡವಿದರು. ಈಗ ಉಳಿದಿರುವುದು ಒಂದು ಅಂಚಿನ ಭಾಗ, ಒಂದು ಎತ್ತರದ ಗೋಪುರ. ಹಳೆಯ ಹಳಿಯ ಮೇಲೆ ಸೈಕಲ್ ತುಳಿದು ಬಂದವರು ಆ ಗೋಪುರದ ಕೆಳಗೆ ನಿಂತಾಗ, ಕೆಡವಿದ್ದು ಯಾವುದು, ಉಳಿಸಿಕೊಂಡದ್ದು ಯಾವುದು ಎಂಬ ಲೆಕ್ಕ ಮನಸ್ಸಿನಲ್ಲಿ ತಾನಾಗಿ ನಡೆಯುತ್ತದೆ.

ಪ್ರವಾಹಕ್ಕೆ ಕಟ್ಟಿದ ಏರಿ, ಅರಸರ ಅರಮನೆ

ಮೊದಲ ಸಲ ಹೋಗುವವರು ಹೆಚ್ಚಾಗಿ ಆರಿಸಿಕೊಳ್ಳುವುದು ಲ್ವಾರ್ ನದಿಯ ದಾರಿಯನ್ನು. ‘ಲ್ವಾರ್ ಆ ವೆಲೊ’ ಎಂಬ ಈ ಮಾರ್ಗ ಸುಮಾರು 900 ಕಿ.ಮೀ. ನೆವೆರ್ ಬಳಿಯಿಂದ ಅಟ್ಲಾಂಟಿಕ್ ಕಡಲವರೆಗೆ ನದಿಯ ಜೊತೆಗೇ ಸಾಗುತ್ತದೆ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಯುರೋಪನ್ನು ಅಡ್ಡಲಾಗಿ ಹಾಯುವ ದೊಡ್ಡ ಸೈಕಲ್ ಮಾರ್ಗದ ಒಂದು ಭಾಗವೂ ಹೌದು.

ಇಲ್ಲಿ ಸೈಕಲ್ ಬಹಳ ಕಡೆ ನದಿಯ ಏರಿಯ ಮೇಲೆ ಓಡುತ್ತದೆ. ಹನ್ನೆರಡನೇ ಶತಮಾನದಿಂದಲೇ ಪ್ರವಾಹ ತಡೆಯಲು ಹಾಕಿದ ಮಣ್ಣಿನ ಏರಿಗಳು ಅವು. ಆದರೂ 1846, 1856 ಮತ್ತು 1866ರಲ್ಲಿ ನದಿ ಅವನ್ನು ಒಡೆದು ನುಗ್ಗಿತು. ದಂಡೆಯ ಊರುಗಳಲ್ಲಿ ಮನೆ ಗೋಡೆಯ ಮೇಲೆ ಅಡ್ಡಗೆರೆ ಕೊರೆದು ಪಕ್ಕದಲ್ಲಿ ಇಸವಿ ಬರೆದಿರುವುದನ್ನು ಕಾಣಬಹುದು. ನೀರು ಅಲ್ಲಿಯವರೆಗೆ ಬಂದಿತ್ತು ಎಂದರ್ಥ. ಕೆಲವು ಗೆರೆಗಳು ಸೈಕಲ್ ಮೇಲೆ ಕುಳಿತವರ ತಲೆಗಿಂತ ಎತ್ತರದಲ್ಲಿವೆ.

ದಾರಿಯಲ್ಲಿ ಸಿಗುವ ಅರಮನೆಗಳಲ್ಲಿ ಶಾಂಬೋರ್ ದೊಡ್ಡದು. ದೊರೆ ಮೊದಲನೆಯ ಫ್ರಾನ್ಸ್ವಾ 1519ರಲ್ಲಿ ಕಟ್ಟಲು ಶುರುಮಾಡಿಸಿದ ಬೇಟೆಯರಮನೆ ಅದು. ಅದರ ಕಾಡಿನ ಸುತ್ತ 32 ಕಿ.ಮೀ. ಉದ್ದದ ಗೋಡೆ. ನಡುವಿನ ಮೆಟ್ಟಿಲು ಎರಡು ಸುರುಳಿಗಳಾಗಿ ಏರುತ್ತದೆ; ಒಂದರಲ್ಲಿ ಹತ್ತುವವರಿಗೆ ಇನ್ನೊಂದರಲ್ಲಿ ಇಳಿಯುವವರು ಕಾಣುತ್ತಾರೆ, ಎದುರಾಗುವುದಿಲ್ಲ. ಅದೇ ದೊರೆಯ ಕರೆಯ ಮೇಲೆ 1516ರಲ್ಲಿ ಲಿಯೊನಾರ್ಡೊ ದ ವಿಂಚಿ ಆಂಬ್ವಾಸ್ ಊರಿಗೆ ಬಂದು ನೆಲೆಸಿದ. 1519ರ ಮೇ 2ರಂದು ಅಲ್ಲೇ ಕಣ್ಣು ಮುಚ್ಚಿದ.

ಆಂಬ್ವಾಸ್‌ನಿಂದ ದಕ್ಷಿಣಕ್ಕೆ ಒಂದು ಗಂಟೆ ತುಳಿದರೆ ಶೆರ್ ನದಿಗೆ ಸೇತುವೆಯಂತೆ ಅಡ್ಡಲಾಗಿ ನಿಂತ ಶೆನೊನ್ಸೋ ಅರಮನೆ. ಮೊದಲ ಮಹಾಯುದ್ಧದಲ್ಲಿ ನದಿಯ ಮೇಲಿನ ಅದರ ಉದ್ದನೆಯ ಹಜಾರ ಗಾಯಾಳು ಸೈನಿಕರ ಆಸ್ಪತ್ರೆಯಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಇದೇ ನದಿ ಜರ್ಮನರ ಹಿಡಿತದ ಫ್ರಾನ್ಸಿಗೂ ಉಳಿದ ಫ್ರಾನ್ಸಿಗೂ ಗಡಿಯಾಯಿತು. ಅರಮನೆಯ ಮುಂಬಾಗಿಲು ಒಂದು ಕಡೆ, ಹಜಾರದ ಕೊನೆಯ ಬಾಗಿಲು ಇನ್ನೊಂದು ಕಡೆ. ತಪ್ಪಿಸಿಕೊಂಡು ಹೊರಟವರು ಆ ಹಜಾರದಲ್ಲಿ ನಡೆದು ಪಾರಾದರು.

ಕಾರಿನಲ್ಲಿ ಬಂದವರು ಅರಮನೆಯಿಂದ ಅರಮನೆಗೆ ಹಾರುತ್ತಾರೆ. ಸೈಕಲ್ಲಿನವರಿಗೆ ನಡುವಿನದೆಲ್ಲ ದಕ್ಕುತ್ತದೆ. ಈ ಅರಮನೆಗಳು ಬೆಳ್ಳಗಿರುವುದು ಇಲ್ಲಿನ ತ್ಯುಫೋ ಎಂಬ ಮೆದು ಕಲ್ಲಿನಿಂದ. ಸೋಮ್ಯುರ್ ಊರಿನ ಆಸುಪಾಸಿನಲ್ಲಿ ಆ ಕಲ್ಲು ತೆಗೆದ ಗವಿಗಳು ದಾರಿಯ ಪಕ್ಕದಲ್ಲೇ ಸಿಗುತ್ತವೆ. ಈಗ ಅಲ್ಲಿ ದ್ರಾಕ್ಷಾರಸ ಇಡುತ್ತಾರೆ, ಅಣಬೆ ಬೆಳೆಯುತ್ತಾರೆ, ಕೆಲವರು ವಾಸವೂ ಇದ್ದಾರೆ. ಕಲ್ಲು ಅರಮನೆಯಾಯಿತು, ಕಲ್ಲು ತೆಗೆದ ಹೊಂಡ ಬಡವರ ಮನೆಯಾಯಿತು. ಎರಡನ್ನೂ ಒಂದೇ ದಿನ, ಒಂದೇ ವೇಗದಲ್ಲಿ ನೋಡಿದವರಿಗೆ ಆ ನಾಡಿನ ಇತಿಹಾಸ ಪುಸ್ತಕವಿಲ್ಲದೆ ಅರ್ಥವಾಗುತ್ತದೆ.

ಗಿಯರ್ ಕಲಿಸಿದವರು, ಬೆಂಗಳೂರಿನಿಂದ ಹೋದವರು

ನಿಧಾನವಾಗಿ ಊರು ನೋಡುತ್ತ ಸೈಕಲ್ ತುಳಿಯುವುದಕ್ಕೆ ಫ್ರಾನ್ಸಿನಲ್ಲಿ ಒಬ್ಬ ಗುರುವಿದ್ದರು. ಹೆಸರು ಪೋಲ್ ದ ವಿವಿ, ಬರೆಯುತ್ತಿದ್ದ ಹೆಸರು ವೆಲೋಸಿಯೊ. ಸೆಂತ್-ಎತಿಯೆನ್ ಊರಿನ ರೇಷ್ಮೆ ವ್ಯಾಪಾರಿಯಾಗಿದ್ದ ಅವರು 1887ರಲ್ಲಿ ಸೈಕಲ್ ಪತ್ರಿಕೆಯೊಂದನ್ನು ಶುರುಮಾಡಿದರು. ಒಂದೇ ಗಿಯರಿನ ಸೈಕಲ್ಲಿನಲ್ಲಿ ಗುಡ್ಡ ಹತ್ತಿ ಸುಸ್ತಾಗುವ ಬದಲು ಹಲವು ಗಿಯರ್ ಬಳಸಿ ಎಂದು ಸಾಯುವವರೆಗೂ ವಾದಿಸಿದರು. ಹಸಿವಾಗುವ ಮೊದಲು ತಿನ್ನಿ, ಬಾಯಾರುವ ಮೊದಲು ಕುಡಿಯಿರಿ, ಹೆಚ್ಚುಗಾರಿಕೆಗಾಗಿ ತುಳಿಯಬೇಡಿ ಎಂಬುದು ಅವರ ಬುದ್ಧಿಮಾತಿನ ತಿರುಳು.

ಗಿಯರ್ ಬದಲಿಸುವುದು ದುರ್ಬಲರ ಕೆಲಸ ಎಂದು ಪಂದ್ಯದವರು ಮೂಗು ಮುರಿದರು. ಟೂರ್ ದ ಫ್ರಾನ್ಸ್‌ನಲ್ಲಿ ಚೈನನ್ನು ಗಿಯರಿನಿಂದ ಗಿಯರಿಗೆ ದಾಟಿಸುವ ಸಾಧನಕ್ಕೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ, ವೆಲೋಸಿಯೊ ತೀರಿಕೊಂಡು ಏಳು ವರ್ಷಗಳ ಮೇಲೆ. ಆ ವರ್ಷ ಗೆದ್ದವರು ರೋಜೆ ಲಪೆಬಿ. ಬೋರ್ಡೊ ಬಳಿ ದ್ರಾಕ್ಷಿ ತೋಟಗಳ ನಡುವೆ ಸೋವ್‌ತೆರ್-ದ-ಗ್ವಿಯೆನ್ ಎಂಬ ಹದಿಮೂರನೇ ಶತಮಾನದ ಪೇಟೆಯವರೆಗೆ ಹೋಗುವ ಹಳಿದಾರಿಯೊಂದಕ್ಕೆ ಇಂದು ಅವರ ಹೆಸರಿದೆ.

ಕರ್ನಾಟಕಕ್ಕೂ ಈ ದಾರಿಗಳಿಗೂ ಒಂದು ಗಟ್ಟಿ ನಂಟಿದೆ. ಪ್ಯಾರಿಸ್ ಕಡೆಯಿಂದ ಬ್ರೆಸ್ಟ್ ಬಂದರಿಗೆ ಹೋಗಿ ಮರಳುವ ‘ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್’ 1891ರಲ್ಲಿ ಪಂದ್ಯವಾಗಿ ಶುರುವಾಯಿತು. ಈಗ ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುವ, ಗೆಲುವು ಸೋಲಿಲ್ಲದ ಸವಾರಿ. ಸುಮಾರು 1,200 ಕಿ.ಮೀ. ದೂರವನ್ನು 90 ಗಂಟೆಯೊಳಗೆ ಮುಗಿಸಬೇಕು. ಹೋಗಬೇಕಾದರೆ ಮೊದಲು 200, 300, 400, 600 ಕಿ.ಮೀ. ಸವಾರಿಗಳನ್ನು ಮುಗಿಸಿರಬೇಕು. ಬೆಂಗಳೂರಿನ ಸೈಕಲ್ ಬಳಗದವರು ‘ಬ್ರೆವೆ’ ಎಂದು ಕರೆದು ನಸುಕಿನಲ್ಲಿ ಹೊರಡುವುದು ಈ ಸವಾರಿಗಳಿಗೇ. 2019ರಲ್ಲೂ 2023ರಲ್ಲೂ ಭಾರತದಿಂದ ನೂರಾರು ಮಂದಿ ಹೋಗಿದ್ದರು, ಬೆಂಗಳೂರಿನವರೂ ಅವರಲ್ಲಿದ್ದರು.

ಹೋಗಿ ಬಂದವರು ದೂರಕ್ಕಿಂತ ಜನರನ್ನು ನೆನೆಯುತ್ತಾರೆ. ನಡುರಾತ್ರಿ ಬ್ರಿಟನಿಯ ಕತ್ತಲ ದಾರಿಯಲ್ಲಿ ಯಾರದೋ ಮನೆಯಂಗಳದಲ್ಲಿ ಮೇಜು, ಅದರ ಮೇಲೆ ಕಾಫಿ, ಹಿಟ್ಟಿನ ದೋಸೆಯಂಥ ಕ್ರೆಪ್. ದುಡ್ಡು ಕೊಟ್ಟರೆ ಬೇಡ ಎನ್ನುತ್ತಾರೆ. ಊರಿಗೆ ಹೋದ ಮೇಲೆ ಒಂದು ಪೋಸ್ಟ್‌ಕಾರ್ಡ್ ಹಾಕಿ ಎಂದು ಕೇಳುವವರಿದ್ದಾರೆ. ವಿಲೆನ್-ಲಾ-ಜ್ಯುಯೆಲ್ ಎಂಬ ಊರಿನಲ್ಲಿ ಸುಸ್ತಾದ ಸವಾರರ ಊಟದ ತಟ್ಟೆಯನ್ನು ಮಕ್ಕಳೇ ಹೊತ್ತು ತಂದು ಮೇಜಿನ ಮೇಲಿಡುತ್ತಾರೆ.

ಹಳದಿ ತಲೆಯ ಕಲ್ಲು

ಈ ದಾರಿಗಳನ್ನು ಓದಲು ಕಲಿಯುವುದು ಸುಲಭ. ಫಲಕದಲ್ಲಿ ‘ಎ’ ಅಕ್ಷರ ಇದ್ದರೆ ಎಕ್ಸ್‌ಪ್ರೆಸ್‌ವೇ; ಸೈಕಲ್ಲಿಗೆ ಪ್ರವೇಶವಿಲ್ಲ. ‘ಎನ್’ ಇದ್ದರೆ ರಾಷ್ಟ್ರೀಯ ಹೆದ್ದಾರಿ, ದೂರವಿರುವುದು ಲೇಸು. ‘ಡಿ’ ಎಂದರೆ ಜಿಲ್ಲೆಯ ರಸ್ತೆ. ಮೂರು ಅಂಕಿಯ ‘ಡಿ’ ರಸ್ತೆ ಸಾಮಾನ್ಯವಾಗಿ ಸಣ್ಣದು, ಶಾಂತ. ರಸ್ತೆ ಪಕ್ಕದ ಬಿಳಿ ಮೈಲಿಗಲ್ಲಿನ ತಲೆಗೆ ಹಳದಿ ಬಳಿದಿದ್ದರೆ ಅದು ‘ಡಿ’ ರಸ್ತೆ, ಕೆಂಪು ಬಳಿದಿದ್ದರೆ ರಾಷ್ಟ್ರೀಯ ಹೆದ್ದಾರಿ. ಮಿಶೆಲಿನ್ ಕಂಪನಿಯ ನಕ್ಷೆಯಲ್ಲಿ ಬಿಳಿ ಗೆರೆಗಳನ್ನು ಹುಡುಕಿ. ಊರಿಂದೂರಿನ ಸಣ್ಣ ದಾರಿಗಳು ಅವು. ಪಕ್ಕದಲ್ಲಿ ಹಸಿರು ಅಂಚಿದ್ದರೆ ನೋಟವೂ ಚೆನ್ನ. ಗೊತ್ತುಮಾಡಿದ ಸೈಕಲ್ ಮಾರ್ಗಗಳಲ್ಲಿ ಹಸಿರು-ಬಿಳಿ ಸೈಕಲ್ ಫಲಕಗಳು ತಿರುವು ತಿರುವಿಗೂ ಕೈಹಿಡಿದು ನಡೆಸುತ್ತವೆ.

ಮೌನಕ್ಕೆ ಕಾನೂನಿನ ಬೆಂಬಲವೂ ಇದೆ. ಊರ ಹೊರಗೆ ಸೈಕಲ್ಲನ್ನು ಹಿಂದಿಕ್ಕುವ ಕಾರು ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕು, ಊರೊಳಗೆ ಒಂದು ಮೀಟರ್. ಆ ಅಂತರ ಬಿಡಲು ರಸ್ತೆ ನಡುವಿನ ಬಿಳಿ ಗೆರೆ ದಾಟಲೂ ಅವಕಾಶವಿದೆ. 2018ರಲ್ಲಿ ಎರಡು ಪಥದ ಹಳ್ಳಿರಸ್ತೆಗಳ ವೇಗಮಿತಿಯನ್ನು ಗಂಟೆಗೆ 90ರಿಂದ 80 ಕಿ.ಮೀ.ಗೆ ಇಳಿಸಿದರು. ವಿರೋಧ ಬಂದ ಮೇಲೆ ಕೆಲವು ಜಿಲ್ಲೆಗಳು ತಮ್ಮ ರಸ್ತೆಗಳಲ್ಲಿ ಮತ್ತೆ 90 ಮಾಡಿಕೊಂಡವು. ಹಿಂದಿನಿಂದ ಬರುವ ಕಾರು ಹಾರ್ನ್ ಹೊಡೆಯದೆ ಜಾಗ ಸಿಗುವವರೆಗೆ ಕಾಯುವುದು ಅಲ್ಲಿ ದಿನನಿತ್ಯದ ನೋಟ.

ಮೌನದ ಬೆಲೆ

ಈ ಶಾಂತಿಗೆ ಇನ್ನೊಂದು ಮುಖವಿದೆ. ಅದನ್ನು ನೋಡದೆ ಬಂದರೆ ನೋಡಿದ್ದು ಅರ್ಧವೇ.

ಬಹುತೇಕ ಪ್ರತಿ ಊರಿನ ನಡುವೆಯೂ ಒಂದು ಕಲ್ಲಿನ ಕಂಬವಿರುತ್ತದೆ. ಅದರ ಮೇಲೆ 1914ರಿಂದ 1918ರವರೆಗಿನ ಯುದ್ಧದಲ್ಲಿ ಸತ್ತ ಊರ ಹುಡುಗರ ಹೆಸರು. ಆ ಯುದ್ಧದಲ್ಲಿ ಫ್ರಾನ್ಸ್ 13 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಮುನ್ನೂರು ಜನರ ಊರಿನಲ್ಲಿ ಇಪ್ಪತ್ತು ಮೂವತ್ತು ಹೆಸರು, ಒಂದೇ ಮನೆತನದ ಹೆಸರು ಎರಡು ಮೂರು ಸಲ. ಆ ಊರುಗಳಲ್ಲಿ ಎಷ್ಟೋ ಮತ್ತೆ ಮೊದಲಿನಂತಾಗಲೇ ಇಲ್ಲ. ಆಮೇಲೆ ಟ್ರ್ಯಾಕ್ಟರ್ ಬಂದು ಹೊಲದ ಕೂಲಿ ಕಡಿಮೆಯಾಯಿತು, ಕಾರ್ಖಾನೆ ನಗರಕ್ಕೆ ಕರೆಯಿತು. ಊರಾಡಳಿತದ ಕಟ್ಟಡದ ಗೋಡೆಯಲ್ಲಿ ‘ಗಂಡುಮಕ್ಕಳ ಶಾಲೆ’ ಎಂಬ ಕೆತ್ತನೆ ಇನ್ನೂ ಇದೆ, ಒಳಗೆ ಮಕ್ಕಳಿಲ್ಲ. ಕೊನೆಯ ಕಾಫಿ ಅಂಗಡಿಯ ಬಾಗಿಲೂ ಕೆಲವೆಡೆ ಮುಚ್ಚಿದೆ. ಸವಾರನಿಗೆ ಹಿತವಾದ ಮೌನ ಊರಿನ ಹಿರಿಯರಿಗೆ ಒಂಟಿತನ.

ಸೈಕಲ್ ದಾರಿಗಳು ಈ ಊರುಗಳಿಗೆ ತುಸು ಉಸಿರು ತಂದಿವೆ. ಕಾರಿನವರು ಊರು ಬಿಟ್ಟು ಮುಂದೆ ಹೋಗುತ್ತಾರೆ. ಸೈಕಲ್ಲಿನವರು ಹಾಗೆ ಮಾಡಲಾರರು. ಅವರಿಗೆ ಹತ್ತು ಹದಿನೈದು ಕಿಲೋಮೀಟರಿಗೆ ಹಸಿವಾಗುತ್ತದೆ, ಸಂಜೆಗೆ ಹಾಸಿಗೆ ಬೇಕಾಗುತ್ತದೆ. ಮಾರ್ಗದಿಂದ 5 ಕಿ.ಮೀ. ಒಳಗಿದ್ದು, ಸೈಕಲ್ ಇಡಲು ಭದ್ರ ಜಾಗ, ರಿಪೇರಿ ಸಾಮಾನು, ಹೊಟ್ಟೆ ತುಂಬುವ ಬೆಳಗಿನ ತಿಂಡಿ ಕೊಡುವ ವಸತಿಗೃಹಗಳಿಗೆ ‘ಆಕಯ್ ವೆಲೊ’ ಎಂಬ ಗುರುತಿನ ಫಲಕ ಕೊಡುತ್ತಾರೆ. ಮುಚ್ಚಿದ ನಿಲ್ದಾಣಗಳಲ್ಲಿ ಕೆಲವು ಈಗ ಸೈಕಲ್ ಬಾಡಿಗೆ ಅಂಗಡಿಯಾಗಿವೆ, ಉಪಾಹಾರದ ಮನೆಯಾಗಿವೆ.

ಹೋಗುವವರಿಗೆ ನಾಲ್ಕು ಮಾತು

ಮೇ, ಜೂನ್ ಮತ್ತು ಸೆಪ್ಟೆಂಬರ್ ಒಳ್ಳೆಯ ತಿಂಗಳು. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಹೆಚ್ಚು, ಜನವೂ ಹೆಚ್ಚು. ಸೈಕಲ್ ಇಲ್ಲಿಂದ ಒಯ್ಯಲೇಬೇಕೆಂದಿಲ್ಲ, ದೊಡ್ಡ ಮಾರ್ಗಗಳ ಊರುಗಳಲ್ಲಿ ಬಾಡಿಗೆಗೆ ಸಿಗುತ್ತದೆ. ದಣಿದರೆ ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ ಸಮೇತ ಹತ್ತಬಹುದು. ಬೇಸಿಗೆಯಲ್ಲಿ ಕೆಲವು ಕಡೆ ಮೊದಲೇ ಜಾಗ ಕಾಯ್ದಿರಿಸಬೇಕು.

ಅಲ್ಲಿ ವಾಹನ ಓಡುವುದು ರಸ್ತೆಯ ಬಲಕ್ಕೆ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಇವೆರಡೂ ನಮ್ಮ ಅಭ್ಯಾಸಕ್ಕೆ ಹೊಸತು, ಮೊದಲ ದಿನ ಎಚ್ಚರ ಬೇಕು. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತವೆ. ಭಾನುವಾರ ಮಧ್ಯಾಹ್ನದ ನಂತರ ಮತ್ತು ಸೋಮವಾರ ಏನೂ ಸಿಗದೆ ಹೋಗಬಹುದು. ಬ್ರೆಡ್ಡು, ಹಣ್ಣು ಬೆಳಿಗ್ಗೆಯೇ ಚೀಲಕ್ಕೆ ಸೇರಿಸಿಕೊಳ್ಳಿ.

ಕುಡಿಯುವ ನೀರಿಗೆ ಅಲ್ಲಿನ ಹಳಬರು ಹೇಳಿಕೊಡುವ ಜಾಗ ಊರಿನ ಸ್ಮಶಾನ. ಸಮಾಧಿಯ ಹೂಗಿಡಗಳಿಗೆ ನೀರೆರೆಯಲೆಂದು ಬಹುತೇಕ ಎಲ್ಲ ಸ್ಮಶಾನಗಳ ಬಾಗಿಲಲ್ಲೂ ನಲ್ಲಿ ಇರುತ್ತದೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇಲ್ಲವೆಂದು ನೋಡಿಕೊಂಡು ಬಾಟಲಿ ತುಂಬಿಸಿ. ಒಳಗೆ ಹೋಗುವಾಗ ಟೋಪಿ ತೆಗೆಯಿರಿ. ಎದುರಾದವರಿಗೆ ‘ಬೋಂಜೂರ್’ ಹೇಳಿ. ಈ ಒಂದು ಪದ ಇಲ್ಲದೆ ಅಲ್ಲಿ ಯಾವ ಮಾತೂ ಶುರುವಾಗುವುದಿಲ್ಲ.

ಫ್ರಾನ್ಸಿಗೆ ಹೋಗುವ ಯೋಗ ಎಲ್ಲರಿಗೂ ಬರಲಾರದು. ಆದರೆ ಆ ದಾರಿಗಳು ಹೇಳುವ ಮಾತು ಹೋಗದವರಿಗೂ ಸಲ್ಲುತ್ತದೆ. ಕೆಲಸ ಮುಗಿದ ದಾರಿ ಸತ್ತ ದಾರಿಯಲ್ಲ. ಹಳಿಯ ನೆಲವನ್ನು ತುಂಡು ತುಂಡಾಗಿ ಮಾರಿಕೊಂಡ ಕಡೆ ಇಂದು ಹಸಿರು ದಾರಿ ಮಾಡಬೇಕೆಂದರೂ ಆಗುತ್ತಿಲ್ಲ. ಜಿವ್ರಿಯಿಂದ ಕ್ಲೂನಿಯವರೆಗೆ ಆ ನೆಲ ತುಂಡಾಗದೆ ಉಳಿಯಿತು. ಅದರ ಮೇಲೆ ಈಗ ಎಂಟು ವರ್ಷದ ಹುಡುಗಿ ಒಬ್ಬಳೇ ಮುಂದೆ ಮುಂದೆ ಸೈಕಲ್ ತುಳಿಯಬಹುದು, ಅಪ್ಪ ನಿಶ್ಚಿಂತೆಯಿಂದ ಹಿಂದೆ ಬರಬಹುದು.